ಸ್ಟೆಪ್ನಿಗೆ ಮೂರಿಂಚು ಲೂಸು

ಬೆಳಗ್ಗೆ ಎದ್ದ ಕೂಡಲೇ ಹೊಲಿಗೆ ಯಂತ್ರಕ್ಕೆ ಮೂರು ತೊಟ್ಟು ಎಣ್ಣೆ ಬಿಡುವುದು ಟೈಲರ್ ಮಾಸ್ಟರ ನೇಮ. ಜ್ವರವಿರಲಿ, ರಜೆಯಿರಲಿ, ಪಕ್ಕದಲ್ಲಿಟ್ಟ ಚಹಾ ಆರಿ ಕೆನೆಗಟ್ಟಲಿ, ಅದು ತಪ್ಪುವುದಿಲ್ಲ. ಎಣ್ಣೆ ಬಿಟ್ಟಾದ ಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಕೈಮುಗಿಯುತ್ತಾರೆ. ಮುಗಿದದ್ದು ದೇವರಿಗೋ ಯಂತ್ರಕ್ಕೋ ಎಂದು ಹೆಂಡತಿ ಈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಇಬ್ಬರೂ ಸೇರಿಯೇ ಅಲ್ಲವೇ ಅನ್ನ ಹಾಕುತ್ತಿರುವುದು!

ಆ ದಿನ ಮಾತ್ರ ಕಣ್ಣು ಬಿಟ್ಟವರೇ ಗುಡುಗಿದರು.

"ಬರೋ ಭಾನುವಾರ ನಿನ್ನನ್ನ ನಿಮ್ಮಕ್ಕನ ಮನೆ ಬಾಗಿಲಿಗೆ ಇಳಿಸದೆ ಇದ್ರೆ, ನಾನು ಇನ್ನು ಕತ್ತರಿ ಮುಟ್ಟಲ್ಲ!"

"ಹೋದ ಸಲ ಮೀಸೆ ಬೋಳಿಸ್ತೀನಿ ಅಂದಿದ್ರಿ," ಎಂದರು ಹೆಂಡತಿ. "ಇನ್ನೂ ಅಲ್ಲೇ ಇದೆ."

ಈ ಅಕ್ಕ ಬೆಟ್ಟದ ನೆತ್ತಿಯಲ್ಲಿರುವ ಒಂಟಿ ಶಾಲೆಯ ಟೀಚರು. ಬಸ್ಸು ಬೆಟ್ಟದ ಬುಡದಲ್ಲೇ ಕೈಯೆತ್ತಿಬಿಡುತ್ತದೆ. ಅಲ್ಲಿಂದ ಮೇಲಕ್ಕಿರುವುದನ್ನು ದಾರಿ ಎನ್ನುವುದು ಬರೀ ದಾಕ್ಷಿಣ್ಯಕ್ಕೆ. ನೋಡಿದರೆ ಅದು ಕಲ್ಲುಗಳ ಮಹಾಸಭೆ. ಹೆಂಡತಿಗೆ ಮೊಣಕಾಲು ನೋವು, ನಡೆದು ಹತ್ತುವಂತಿಲ್ಲ. ಅದಕ್ಕೆಂದೇ ಮಾಸ್ಟರು ಒಂದು ಹಳೆಯ ಫೋರ್ ವೀಲ್ ಡ್ರೈವ್ ಜೀಪು ಕೊಂಡಿದ್ದರು. ಹೋದ ರಜೆಯಲ್ಲಿ ಹೊರಟೂ ಇದ್ದರು. ಅರ್ಧ ದಾರಿಗೆ ಒಂದು ಟೈರು ಹೋಯಿತು, ಸ್ಟೆಪ್ನಿ ಹಾಕಿದರು. ಮುಂದಿನ ತಿರುವಿನಲ್ಲಿ ಸ್ಟೆಪ್ನಿಯೂ ಉಸಿರು ಬಿಟ್ಟಿತು. ಗಂಡಹೆಂಡಿರು ಕಲ್ಲಿನ ಲಾರಿ ಹತ್ತಿ ಮನೆಗೆ ಮರಳಿದರು.

ಹೆಂಡತಿ ನೇರ ಕೋಣೆಗೆ ಹೋದರು. ಅಕ್ಕನಿಗೆ ತೋರಿಸಲೆಂದು ಮಾಸ್ಟರ ಕೈಯಲ್ಲೇ ಹೊಲಿಸಿಕೊಂಡಿದ್ದ ಹೊಸ ಬಟ್ಟೆಯನ್ನು ಬಿಚ್ಚಿ, ಮಡಿಸಿ, ಟ್ರಂಕಿನ ತಳಕ್ಕೆ ಇಟ್ಟರು. ಬೈದಿದ್ದರೆ ಮಾಸ್ಟರು ಮರೆತುಬಿಡುತ್ತಿದ್ದರು. ಆ ಮಡಿಕೆ ಮಾತ್ರ ಎದೆಯೊಳಗೆ ಗುಂಡುಸೂಜಿಯಂತೆ ಚುಚ್ಚುತ್ತಲೇ ಇತ್ತು. ಅಕ್ಕತಂಗಿಯರು ಮುಖ ನೋಡಿ ಎರಡು ವರ್ಷವಾಗಿತ್ತು.

ಅದಕ್ಕೇ ಈ ಸಲ ಎರಡು ಸ್ಟೆಪ್ನಿ. ಅದೂ ದೊಡ್ಡವು!

ಮಾಸ್ಟರು ಹಳೆಯ ಸ್ಟೆಪ್ನಿಗೆ ತಮ್ಮ ಟೇಪು ಹಿಡಿದು ಎತ್ತರ ನೋಡಿದರು. ಇಪ್ಪತ್ತೆಂಟು ಇಂಚು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಬರೆದುಕೊಂಡರು: "28, ಲೂಸಿಗೆ 3." ಬೆಳೆಯುವ ಮಕ್ಕಳ ಯೂನಿಫಾರ್ಮು ಹೊಲಿದು ಹೊಲಿದು ಪಳಗಿದ ಕೈ ಅದು. ಯಾವುದನ್ನೇ ಆಗಲಿ, ಅಳತೆಗೆ ಸರಿಯಾಗಿ ಕತ್ತರಿಸುವುದು ಅವರ ಪಾಲಿಗೆ ಪಾಪ.

ಟೈರಂಗಡಿಯವನು ಚೀಟಿ ನೋಡಿ ತಲೆ ಕೆರೆದುಕೊಂಡ. "ಮೂವತ್ತೊಂದಿಂಚಾ? ಹಂಗಾದ್ರೆ ಎಲ್ಲಾ ಟೈರೂ ಬದಲಾಯಿಸ್ಬೇಕಲ್ಲ ಮಾಸ್ಟ್ರೇ?"

"ಓಡೋ ನಾಲ್ಕೂ ಚೆನ್ನಾಗಿವೆ. ಸ್ಟೆಪ್ನಿ ಎರಡು ಮಾತ್ರ ಕೊಡು."

"ಅಲ್ಲ ಮಾಸ್ಟ್ರೇ, ಅದು ಏನಂದ್ರೆ..."

"ನನ್ನ ಹತ್ರ ಅಳತೆ ಮಾತಾಡ್ತೀಯಾ? ನಿನ್ನ ಮದುವೆ ಸೂಟು ಹೊಲಿದವನು ಯಾರು?"

ಅವನು ಟೈರುಗಳನ್ನು ರಿಮ್ಮಿಗೆ ಕೂರಿಸಿ ಕೊಟ್ಟ.

ಶನಿವಾರ ಶೆಡ್ಡಿನೊಳಗೇ ಫಿಟ್ಟಿಂಗು ನಡೆಯಿತು. ಒಂದನ್ನು ಹಿಂಬಾಗಿಲ ಮೇಲಿನ ಸ್ಟ್ಯಾಂಡಿಗೆ ಬೋಲ್ಟು ಹಾಕಿ ಬಿಗಿದರು. ಅದು ನಂಬರ್ ಪ್ಲೇಟನ್ನೂ ಬಾಗಿಲಿನ ಹಿಡಿಯನ್ನೂ ಒಟ್ಟಿಗೇ ನುಂಗಿಕೊಂಡು ಕೂತಿತು. ಇನ್ನೊಂದನ್ನು ಜೀಪಿನ ನೆತ್ತಿಯ ಮೇಲೆ ಮಲಗಿಸಿ ಹಗ್ಗದಲ್ಲಿ ಬಿಗಿದರು. ಮುಂದಿನಿಂದ ನೋಡಿದರೆ ಕಿರೀಟಧಾರಿ ಮಹಾರಾಜ, ಹಿಂದಿನಿಂದ ನೋಡಿದರೆ ಗಂಟು ಹೊತ್ತ ಕೂಲಿ!

ಭಾನುವಾರ ಬೆಳಗ್ಗೆ ಹೆಂಡತಿ ಟ್ರಂಕಿನ ತಳದಿಂದ ಆ ಬಟ್ಟೆ ತೆಗೆದು ತೊಟ್ಟು, ಕೈಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತರು.

"ಸರಿದು ನಿಲ್ಲು! ಬರ್ತಾ ಇದೆ!" ಎಂದು ಮಾಸ್ಟರು ಜೀಪು ಬಿಟ್ಟರು. ಮೂತಿ ಹೊರಬಂತು. ಚಾಲಕನ ಬಾಗಿಲು ಅರ್ಧ ಹೊರಬಂತು. 'ಕಿರ್ರ್' ಎಂದು ನಿಂತಿತು. ನೆತ್ತಿಯ ಟೈರು ಶೆಡ್ಡಿನ ಬಾಗಿಲ ತೊಲೆಗೆ ಕಚ್ಚಿಕೊಂಡಿತ್ತು.

"ರೀ, ಮೇಲೆ ತಾಗ್ತಿದೆ!"

"ಫೋರ್ ವೀಲ್ ಕಣೇ ಇದು! ಬೆಟ್ಟಕ್ಕೇ ಬಗ್ಗಲ್ಲ, ತೊಲೆಗೆ ಬಗ್ಗುತ್ತಾ?"

ಗೇರು ಹಾಕಿ ಒತ್ತಿದರು. ಟೈರು ತೊಲೆಯ ಕೆಳಗೆ ಗೇಣುದ್ದ ನುಗ್ಗಿ, ಬೆಣೆ ಹೊಡೆದಂತೆ ಕೂತುಬಿಟ್ಟಿತು. ಈಗ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಳಿಯೋಣವೆಂದರೆ ಎರಡು ಬಾಗಿಲಿಗೂ ಗೋಡೆ ಅಡ್ಡ. ಹಿಂಬಾಗಿಲನ್ನು ಸ್ಟೆಪ್ನಿ ಕಾಯುತ್ತಿದೆ. ಕಿಟಕಿಯಿಂದ ನುಸುಳೋಣವೆಂದರೆ ಅದರಲ್ಲೂ ಅರ್ಧ ಗೋಡೆಯ ಪಾಲು. ಉಳಿದರ್ಧಕ್ಕೂ ಮಾಸ್ಟರ ಹೊಟ್ಟೆಗೂ ಯಾವ ಲೂಸು ಬಿಟ್ಟರೂ ಅಳತೆ ಕೂಡುವಂತಿರಲಿಲ್ಲ.

ಹೆಂಡತಿ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು. ಒಳಗೆ ಹೋಗಿ ಒಂದು ಲೋಟ ಚಹಾ ತಂದು ಆ ಅರ್ಧ ಕಿಟಕಿಯೊಳಗೆ ಹಿಡಿದರು. "ಕುಡೀರಿ. ಬೆಳಗ್ಗೆಯಿಂದ ಏನೂ ತಗೊಂಡಿಲ್ಲ ನೀವು."

ಬಳಿಕ ಅಕ್ಕನಿಗೆ ಫೋನು ಹಚ್ಚಿದರು.

"ಅಕ್ಕಾ, ಕಾಯ್ಬೇಡ. ಜೀಪು ಸಿಕ್ಕಿಹಾಕ್ಕೊಂಡಿದೆ."

"ಅಯ್ಯೋ! ದಾರೀಲಾ?"

"ಇಲ್ಲ. ಶೆಡ್ಡಲ್ಲಿ."

"ಟೈಲರಪ್ಪನವರು ಎಲ್ಲಿ?"

"ಜೀಪಲ್ಲಿ."

"ಜೀಪು?"

"ಹೇಳಿದ್ನಲ್ಲಕ್ಕಾ, ಶೆಡ್ಡಲ್ಲಿ. ಚಹಾ ಕುಡೀತಿದಾರೆ."

ಫೋನು ಇಟ್ಟು ಹೆಂಡತಿ ಮೆಟ್ಟಿಲ ಮೇಲೆ ಕೂತು, ಹೊಸ ಬಟ್ಟೆಯ ಅಂಚನ್ನು ಸುಮ್ಮನೆ ನೇವರಿಸತೊಡಗಿದರು. ಗಾಜಿನೊಳಗಿನಿಂದ ಅದನ್ನು ಕಂಡ ಮಾಸ್ಟರು ಲೋಟವನ್ನು ಬದಿಗಿಟ್ಟರು.

"ಏ, ಇಲ್ಲಿ ಕೇಳು. ಆ ಬಟ್ಟೆ ಮಾತ್ರ ಮಡಿಸಿ ಇಡ್ಬೇಡ್ವೇ."

"ಇಡಲ್ಲ. ನೀವು ಮೊದಲು ಈಚೆ ಬನ್ನಿ."

ಮೆಕ್ಯಾನಿಕ್ಕು ಬಂದವನು ಶೆಡ್ಡಿಗೆ ಎರಡು ಸುತ್ತು ಹಾಕಿ ನೋಡಿದ. ಒಂದೇ ಉಪಾಯ ಎಂದು ಜೀಪಿನಡಿ ತೂರಿ ನಾಲ್ಕೂ ಚಕ್ರದ ಗಾಳಿ ಬಿಟ್ಟ. ಜೀಪು ನಿಟ್ಟುಸಿರಿಡುತ್ತ ಕುಸಿಯಿತು, ಅದರೊಂದಿಗೆ ಮಾಸ್ಟರೂ. ಇಬ್ಬರದೂ ಗಾಳಿ ಹೋದ ಮೇಲೆ ಎಳೆದು ಹೊರಗೆ ತಂದರು.

"ಎರಡು ಟೈರು ಒಯ್ಯೋಕೆ ಹೋಗಿ ನಾಲ್ಕು ಟೈರು ಕಳ್ಕೊಂಡ್ರಲ್ಲ ಮಾಸ್ಟ್ರೇ! ಇವು ಓಡೋವಕ್ಕಿಂತ ಮೂರಿಂಚು ದೊಡ್ಡವು ಯಾಕೆ?"

"ಲೂಸು ಇರಲಿ ಅಂತ... ಆಲ್ಟ್ರೇಷನ್ ಮಾಡೋಕಾಗಲ್ವಾ?"

"ಟೈರಿಗಾ? ಇದನ್ನ ಹಾಕ್ಕೊಂಡು ಬೆಟ್ಟ ಹತ್ತಿದ್ರೆ ಗೇರುಬಾಕ್ಸೇ ಮುರೀತಿತ್ತು. ನಾಲ್ಕು ಚಕ್ರನೂ ಒಂದೇ ಅಳತೆ ಇರ್ಬೇಕು. ನೀವು ಯಾರಿಗಾದ್ರೂ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಶರ್ಟು ಹೊಲಿದು ಕೊಟ್ಟಿದೀರಾ?"

ಊರಿನ ಎದೆ, ಸೊಂಟ, ತೋಳೆಲ್ಲ ಅಳೆದ ಮಾಸ್ಟರು ತಲೆ ತಗ್ಗಿಸಿದರು. ಗಾಳಿ ತುಂಬುವ ಪಂಪು ತರಲು ಮೆಕ್ಯಾನಿಕ್ಕು ಅಂಗಡಿಗೆ ಹೋದ. ಪಂಪು ಬರುವುದೇ ಸಂಜೆಗೆ, ಆಮೇಲೆ ಹೊರಟರೂ ಕತ್ತಲಾಗುವ ಮುಂಚೆ ಬೆಟ್ಟ ಹತ್ತುವಂತಿರಲಿಲ್ಲ.

ಮಧ್ಯಾಹ್ನ ದಾಟಿತ್ತು. ಬೀದಿಯ ತುದಿಯಲ್ಲಿ 'ಪಟಪಟ' ಸದ್ದಾಯಿತು. ಬೆಟ್ಟದ ಮೇಲೇ ಮನೆಯಿರುವ, ಅಲ್ಲಿಗೆ ಟಪಾಲು ಒಯ್ಯುವ ಪೋಸ್ಟ್‌ಮನ್ನನ ಮುದಿ ಮೊಪೆಡ್ಡು. ಅದರ ಟೈರು ಸೌತೆಕಾಯಿಗಿಂತ ದಪ್ಪವಿಲ್ಲ. ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಚೀಲವಿಟ್ಟುಕೊಂಡು, ಮೈಯೆಲ್ಲ ಧೂಳಾಗಿ, ಅಕ್ಕ!

ತಂಗಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಓಡಿದರು. ಮೊಣಕಾಲು ನೋವು ಎಲ್ಲಿ ಹೋಯಿತೋ. ಇಬ್ಬರೂ ಕೈ ಹಿಡಿದುಕೊಂಡು ನಿಂತರು. ಕರೆದ ದಾರಿಯಲ್ಲಿ ಬಾರದೆ ಬೇರೆ ದಾರಿಯಲ್ಲಿ ಬರುವುದು ದೇವರ ಕೃಪೆಗೆ ಹಳೆಯ ಅಭ್ಯಾಸ. ಅದಕ್ಕೆ ದೊಡ್ಡ ಟೈರೇ ಆಗಬೇಕೆಂದೇನಿಲ್ಲ.

"ಬಟ್ಟೆ ಚೆನ್ನಾಗಿದೆ ಕಣೇ," ಎಂದರು ಅಕ್ಕ ಮೊದಲ ಮಾತಿಗೆ.

"ಅಕ್ಕಾ, ಹೀಗೆ ಬರೋಕಾಗುತ್ತೆ ಅಂದ್ರೆ ಮುಂಚೇನೇ ಬರ್ಬಹುದಿತ್ತಲ್ಲ?" ಎಂದರು ಮಾಸ್ಟರು ಮೆಲ್ಲಗೆ.

"ನೀವು ಬಿಟ್ರೆ ತಾನೇ! ಪ್ರತಿ ರಜೆಗೂ 'ನಾವೇ ಬರ್ತೀವಿ, ನೀವು ಅಲ್ಲಾಡ್ಬೇಡಿ' ಅಂತೀರಿ. ಎರಡು ವರ್ಷದಿಂದ ಅಲ್ಲಾಡದೆ ಕೂತಿದೀನಿ, ಟೈಲರಪ್ಪನವರೇ!"

ಮಾಸ್ಟರ ಮುಖ ನೋಡಬೇಕಿತ್ತು. ಬೆಟ್ಟಕ್ಕೂ ಮನೆಗೂ ಅಡ್ಡ ಬಿದ್ದಿದ್ದ ಅತಿ ದೊಡ್ಡ ಕಲ್ಲು ತಾವೇ!

ಸಂಜೆ ಮೆಕ್ಯಾನಿಕ್ಕು ಪಂಪಿನೊಂದಿಗೆ ಬಂದ. ಅಡಿಗೆಮನೆಯಿಂದ ಇಬ್ಬರು ಹೆಂಗಸರ ನಗು ಹೊರಗೆಲ್ಲ ಚೆಲ್ಲುತ್ತಿತ್ತು. ಈ ಮನೆಯಲ್ಲಿ ಅಷ್ಟು ನಗು ಅವನು ಕೇಳಿಯೇ ಇರಲಿಲ್ಲ.

"ಮಾಸ್ಟ್ರೇ, ಪಾಪ ನಿಮ್ಮನ್ನ ನೋಡಿ ಬೇಜಾರಾಯ್ತು. ದೊಡ್ಡ ಸ್ಟೆಪ್ನಿ ಬಿಚ್ಚಿ, ಅಳತೆಯವು ಎರಡು ನಾನೇ ಹುಡುಕಿ ತರ್ತೀನಿ. ಕೂಲಿ ಬೇಡ. ನಾಳೆ ಬೆಳಗ್ಗೆಗೆ ಗಾಡಿ ರೆಡಿ. ಅಕ್ಕೋರನ್ನ ಜುಮ್ಮಂತ ಬೆಟ್ಟಕ್ಕೆ ಬಿಟ್ಟು ಬನ್ನಿ!"

ಮಾಸ್ಟರು ಅಡಿಗೆಮನೆಯ ಕಡೆ ನೋಡಿದರು. ಮತ್ತೆ, ನೆಲಕ್ಕೆ ಕುಸಿದು ಕೂತ ಜೀಪಿನ ಕಡೆ ನೋಡಿದರು. ಮೆಕ್ಯಾನಿಕ್ಕಿನ ಕೈಯಿಂದ ಪಂಪಿನ ಕೊಳವೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಸುರುಳಿ ಸುತ್ತಿ, ಅವನ ಹೆಗಲಿಗೇ ಹಾಕಿದರು.

"ಬೇಡಪ್ಪ, ಒಳ್ಳೇದಾಗ್ಲಿ ನಿಂಗೆ. ಶಾಲೆಗೆ ಇನ್ನೂ ಹದಿನೈದು ದಿನ ರಜೆ ಇದೆ. ಅಲ್ಲೀವರೆಗೂ ಇದಕ್ಕೆ ಗಾಳಿ ಹಾಕ್ಬೇಡ."