ಸೈಕಲ್ ಶಾಪಿನವರು ಬೆಟ್ಟಕ್ಕೆ ನಡೆದದ್ದು

ನಮ್ಮ ಮನೆಯವರನ್ನು ನಂಬಿ ಯಾರೂ ಸೈಕಲ್ ಕೊಳ್ಳಬಾರದು. ಯಾಕೆ ಅಂತೀರಾ? ಲಕ್ಷ್ಮೀಪುರಂನಲ್ಲಿ ಸ್ವಂತ ಸೈಕಲ್ ಶಾಪ್ ಇಟ್ಟುಕೊಂಡು ಊರಿಗೆಲ್ಲ ಬಾಡಿಗೆ ಸೈಕಲ್ ಕೊಡುವ ಈ ಮಹಾನುಭಾವರು ತಾವು ಮಾತ್ರ ಜನ್ಮದಲ್ಲಿ ಒಂದು ದಿನ ಸೈಕಲ್ ಹತ್ತಿದವರಲ್ಲ! ರಿಪೇರಿ ಮಾಡಿದ ಗಾಡಿ ಸರಿಯಾಗಿದೆಯೋ ಇಲ್ಲವೋ ನೋಡಬೇಕಾದರೆ ಬೀದಿಯಲ್ಲಿ ಹೋಗುವವರನ್ನು ಕರೆದು, ಸ್ವಲ್ಪ ತುಳಿದು ತೋರಿಸಿ ಸ್ವಾಮಿ, ಎನ್ನುತ್ತಾರೆ. ಹಾಗೆ ತುಳಿದು ತೋರಿಸಲು ಹೋದವನೊಬ್ಬ ಇವತ್ತಿಗೂ ವಾಪಸು ಬಂದಿಲ್ಲ. ರಿಪೇರಿ ಚೆನ್ನಾಗಿ ಆಗಿತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಅಂತ ನನ್ನನ್ನೇ ಕೇಳಿದರು.

ಇವರದೇನಿದ್ದರೂ ನಡಿಗೆ. ಇಲವಾಲದಲ್ಲಿ ನೆಂಟರ ಮದುವೆಯೆಂದರೆ ನಾವೆಲ್ಲ ಬಸ್ಸಿನಲ್ಲಿ ಹೋಗಿ, ಧಾರೆ ನೋಡಿ, ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಇವರು ಬೆವರು ಒರೆಸಿಕೊಳ್ಳುತ್ತ ಬಂದು, ಮುಹೂರ್ತಕ್ಕೆ ಇನ್ನೂ ಹೊತ್ತಿದೆಯಾ ಅಂತ ವಿಚಾರಿಸುತ್ತಾರೆ. ಇಂಥವರನ್ನು ಕಟ್ಟಿಕೊಂಡು ನಾನು ಹೇಗೆ ಏಗಿದೆನೋ ನನಗೇ ಗೊತ್ತಿಲ್ಲ.

ಇದಕ್ಕೊಂದು ಕಾರಣವಿದೆ, ಸುಳ್ಳು ಹೇಳಬಾರದು. ಐದು ವರ್ಷ ತುಂಬುವವರೆಗೆ ಇವರು ನಡೆದೇ ಇರಲಿಲ್ಲವಂತೆ. ಬಲಗಾಲು ನೆಲಕ್ಕೆ ಊರುತ್ತಿರಲಿಲ್ಲ. ನಮ್ಮ ಅತ್ತೆ ಬೆಟ್ಟಕ್ಕೆ ಹರಕೆ ಹೊತ್ತರು, ಕಾಲು ಬಂತು. ಅಷ್ಟು ಕಷ್ಟಪಟ್ಟು ಬಂದ ಕಾಲನ್ನು ಪೆಡಲಿನ ಮೇಲಿಟ್ಟು ಅವಮಾನ ಮಾಡಬಾರದು ಎಂಬುದು ಇವರ ಸಿದ್ಧಾಂತ.

ತೊಂದರೆಯಾದದ್ದು ಆ ಹರಕೆಯಿಂದಲೇ. ನಮ್ಮ ಮಾವನವರು ಆಗಲೇ ಮಗನನ್ನು ಚಾಮುಂಡಿ ಬೆಟ್ಟ ಹತ್ತಿಸಿ ತಂದು, ಅಲ್ಲಿಗೆ ತೀರಿತು ಎಂದಿದ್ದರು. ಆದರೆ ಎಪ್ಪತ್ತು ದಾಟಿದ ಮೇಲೆ ಅತ್ತೆಗೆ ಹರಕೆ ತೀರಿಲ್ಲ ಎಂಬ ದಿಗಿಲು ಹತ್ತಿಕೊಂಡಿತು. ತಟ್ಟೆಗೆ ಮುದ್ದೆ ಬಡಿಸಿದರೆ ದೂರ ಸರಿಸುತ್ತಿದ್ದರು.

"ಬೆಟ್ಟದ ಅರ್ಕೆ ಅಂಗೇ ಉಳ್ಕಂಡದೆ ಕಣವ್ವ. ಕೊಟ್ಟಿದ್ ಕಾಲ ದೇವ್ರು ಈಸ್ಕಬುಟ್ರೆ ನನ್ ಮಗ ಏನ್ ಮಾಡಾನು?"

ಐವತ್ತರ ಹತ್ತಿರ ಬಂದ ಮಗ ಅಂಗಡಿಯಿಂದ ಬಂದ ತಕ್ಷಣ ಅತ್ತೆ ಅವರ ಬಲಗಾಲನ್ನು ಹಿಸುಕಿ ನೋಡುತ್ತಿದ್ದರು. ದಿನದಿನಕ್ಕೆ ಅತ್ತೆ ಕಡ್ಡಿಯಾಗುತ್ತ ಬಂದರು. ಈ ಭಯ ಹೊತ್ತುಕೊಂಡೇ ಮುದುಕಿ ಕಣ್ಣು ಮುಚ್ಚಿಬಿಟ್ಟರೆ ಏನು ಗತಿ ಅಂತ ನಮಗಿಬ್ಬರಿಗೂ ಅದೇ ಚಿಂತೆಯಾಯಿತು.

ಇವರು ಮರುದಿನವೇ ಚಾಮುಂಡಿ ಬೆಟ್ಟ ಹತ್ತಿ ಬಂದರು. ಹೋಗಿ ಬಂದೆ ಕಣವ್ವ ಅಂದರೆ ಅತ್ತೆ ತಲೆಯಾಡಿಸಿದರು. ತೀರಲಿಲ್ಲವಂತೆ! ಹಾಗಾದರೆ ಯಾವ ಬೆಟ್ಟ ಅಂತ ಕೇಳಿದರೆ, "ಬೆಟ್ಟ ಕಣ್ಲಾ, ಬೆಟ್ಟ" ಅನ್ನುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟಕ್ಕೆ ನಡೆದರು. ತೀರಲಿಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೆ ನಡೆದರು. ಅದೂ ಅಲ್ಲ. ಮೈಸೂರು ಸೀಮೆಯಲ್ಲಿ ದೇವರುಗಳೆಲ್ಲ ಬೆಟ್ಟದ ತುದಿಯಲ್ಲೇ ಯಾಕೆ ಮನೆ ಮಾಡಿದರೋ, ಬಯಲಲ್ಲಿ ಜಾಗ ಇರಲಿಲ್ಲವೇ?

ಒಂದು ದಿನ ಚಕ್ರದ ಬಳುಕು ತೆಗೆಯುತ್ತಿದ್ದವರು ಏನೋ ಹೊಳೆದು ಹಾಗೇ ಎದ್ದು ಮನೆಗೆ ಬಂದರು. ಅತ್ತೆಯ ತವರು ಕೊಳ್ಳೇಗಾಲದ ಕಡೆಯದು. ಆ ಕಡೆಯವರಿಗೆ ಬೆಟ್ಟ ಅಂದರೆ ಮಾದಪ್ಪನ ಬೆಟ್ಟ ಒಂದೇ! ಮೈಸೂರಿನಿಂದ ಹತ್ತಿರ ಹತ್ತಿರ ತೊಂಬತ್ತು ಮೈಲಿ. ನಡುವೆ ಕಾಡು ಬೇರೆ. ಒಬ್ಬರನ್ನೇ ಕಳಿಸಿದರೆ ದಾರಿಯಲ್ಲಿ ಇನ್ಯಾವ ಬೆಟ್ಟ ಕಂಡರೂ ಹತ್ತಿಬಿಡುತ್ತಾರೆ ಅಂತ ಹೆದರಿ, ಮಕ್ಕಳನ್ನೂ ಅತ್ತೆಯನ್ನೂ ನಾದಿನಿಗೆ ಒಪ್ಪಿಸಿ ನಾನೂ ಹೊರಟೆ.

ದಾರಿಯ ಬುತ್ತಿಗೆ ನಾನು ರೊಟ್ಟಿ, ಹುರಿಟ್ಟು, ಬೆಲ್ಲ ಕಟ್ಟಿದೆ. ಇವರು ಕಟ್ಟಿದ್ದೇನು ಗೊತ್ತೇ? ಪಂಕ್ಚರ್ ಹಾಕುವ ಸಾಮಾನು! ನಡೆಯುವವರಿಗೆ ಅದು ಯಾಕೆ ಅಂತ ನಾನು ಹಣೆ ಚಚ್ಚಿಕೊಂಡೆ. ಎರಡನೆಯ ದಿನ ನರಸೀಪುರ ಇನ್ನೂ ನಾಲ್ಕು ಮೈಲಿ ಇರುವಾಗ ನನ್ನ ಚಪ್ಪಲಿಯ ಅಟ್ಟೆ ಬಾಯಿ ಬಿಟ್ಟಿತು. ಇವರು ಹುಣಸೆಮರದ ಕೆಳಗೆ ಕೂತು, ಹಳೇ ಟ್ಯೂಬು ಕತ್ತರಿಸಿ, ಸಲ್ಯೂಷನ್ ಬಳಿದು ಅಂಟಿಸಿಕೊಟ್ಟರು. ಗಟ್ಟಿಯಾಗೇನೋ ನಿಂತಿತು. ಆದರೆ ಅಲ್ಲಿಂದ ಮುಂದಕ್ಕೆ ಒಂದೊಂದು ಹೆಜ್ಜೆಗೂ ಎಡಗಾಲು ಕೀಚ್ ಎನ್ನುತ್ತಿತ್ತು. ಊರೂರಿನ ನಾಯಿಗಳು ನನ್ನನ್ನು ಗಡಿಯವರೆಗೆ ಕಳಿಸಿಕೊಟ್ಟವು.

ದಾರಿಯಲ್ಲಿ ಯಾರನ್ನು ಎಷ್ಟು ದೂರ ಅಂತ ಕೇಳಿದರೂ ಬರುವ ಉತ್ತರ ಒಂದೇ, ಇಲ್ಲೇ ಅದೆ ಕಣವ್ವ. ಒಂದು ಗಂಟೆ ನಡೆದು ಮತ್ತೊಬ್ಬನನ್ನು ಕೇಳಿದರೆ ಅವನಿಗೂ ಅದು ಇಲ್ಲೇ ಇರುತ್ತಿತ್ತು. ಆ ಇಲ್ಲೇ ಎಂಬುದು ನಮ್ಮ ಮುಂದೆ ಮುಂದೆ ತಾನೂ ನಡೆಯುತ್ತಿತ್ತು ಅಂತ ನನಗೆ ಗುಮಾನಿ.

ನರಸೀಪುರದ ಹೊಳೆಯಲ್ಲಿ ಬೆಳಗ್ಗೆ ಸ್ನಾನ ಮಾಡಿದೆವು. ಒದ್ದೆ ಸೀರೆ ಒಣಗುವವರೆಗೆ ಕಾಯುವುದಕ್ಕೆ ಇವರಿಗೆ ತಾಳ್ಮೆ ಎಲ್ಲಿದೆ? ಸೀರೆಯ ಒಂದು ತುದಿ ಇವರು ಹಿಡಿದು ಮುಂದೆ, ಇನ್ನೊಂದು ತುದಿ ನಾನು ಹಿಡಿದು ಹಿಂದೆ, ಹಾಗೇ ರಸ್ತೆಯಲ್ಲಿ ಹೊರಟೆವು. ಎತ್ತಿನ ಗಾಡಿಯಲ್ಲಿ ಬಂದ ಒಬ್ಬ ಯಜಮಾನ ಗಾಡಿ ನಿಲ್ಲಿಸಿ, ಸೆರಗು ಮುಟ್ಟಿ ನೋಡಿ, ಸೀರೆ ಏನು ಬೆಲೆ ಅಂತ ವಿಚಾರಿಸಿದ. ಇವರು ಗಂಭೀರವಾಗಿ, ಒಣಗಲಿ, ಹೇಳ್ತೀನಿ ಅಂದರು. ಪುಣ್ಯಾತ್ಮ ಒಂದು ಮೈಲಿ ನಮ್ಮ ಜೊತೆಗೇ ಗಾಡಿ ಹೊಡೆದುಕೊಂಡು ಬಂದ. ಕೊನೆಗೆ ನಾನೇ ಸೀರೆಯನ್ನು ಸುತ್ತಿ ಗಂಟಿಗೆ ತುರುಕಿದೆ.

ಕೊಳ್ಳೇಗಾಲ ನಮ್ಮ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಐದಾರು ವರ್ಷ. ಊರ ಮುಂದೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದುದನ್ನು ಕಂಡು ಇವರ ಕೈ ಸುಮ್ಮನಿರಲಿಲ್ಲ. ಪಂಕ್ಚರ್ ಹಾಕಿಕೊಟ್ಟರು. ಸುದ್ದಿ ಹೇಗೆ ಹರಡಿತೋ, ಅರ್ಧ ಗಂಟೆಯಲ್ಲಿ ಹತ್ತು ಸೈಕಲ್ ಸಾಲಾಗಿ ನಿಂತವು! ಅರ್ಧ ದಿನ ಅಲ್ಲೇ ಕಳೆಯಿತು. ಹಣ ಯಾರು ಕೊಟ್ಟರೂ ಮುಟ್ಟಲಿಲ್ಲ, ಹರಕೆಯ ದಾರಿಯಲ್ಲಿ ಮುಟ್ಟಬಾರದಂತೆ. ಒಬ್ಬ ಬಾಳೆಹಣ್ಣಿನ ಗೊನೆಯನ್ನೇ ತಂದಿಟ್ಟ. ಅದನ್ನು ಹನೂರಿನವರೆಗೆ ಹೊತ್ತವಳು ಯಾರು ಅಂತ ನಾನು ಬೇರೆ ಹೇಳಬೇಕೇ?

ಹನೂರು ದಾಟಿದ ಮೇಲೆ ನನ್ನ ಕಾಲಲ್ಲಿ ಬೊಬ್ಬೆ ಎದ್ದವು. ಹಿಂದಿನಿಂದ ಬಸ್ಸು ಬಂತು. ಕುಂಟುತ್ತಿದ್ದ ನನ್ನನ್ನು ನೋಡಿ ಕಂಡಕ್ಟರ್ ನಿಲ್ಲಿಸಿಯೇಬಿಟ್ಟ. ನೀನು ಹತ್ತು, ಹರಕೆ ನನ್ನದು ತಾನೇ ಅಂತ ಇವರೂ ಹೇಳಿದರು. ನಾನು ಒಂದು ಕಾಲು ಮೇಲಿಟ್ಟೆ. ಅಷ್ಟರಲ್ಲಿ ಇವರು ನಿಂತು ಒಂದು ಮಾತು ಸಮಾಧಾನ ಹೇಳುವುದು ಬಿಟ್ಟು ಮುಂದಕ್ಕೆ ಹೊರಟೇಬಿಟ್ಟಿದ್ದರು. ನನಗೆ ಬಂದ ಸಿಟ್ಟಿಗೆ ಬಸ್ಸಿನಿಂದ ಇಳಿದು, ಬಿರಬಿರನೆ ನಡೆದು, ಇವರನ್ನೇ ಹಿಂದೆ ಹಾಕಿದೆ. ಆ ಒಂದು ಸಿಟ್ಟಿನಲ್ಲಿ ನಾಲ್ಕು ಮೈಲಿ ಸಾಗಿತು.

ಏಳನೆಯ ದಿನ ಬೆಟ್ಟ ಸೇರಿದೆವು. ಮಾದಪ್ಪನ ಮುಂದೆ ನಿಂತಾಗ ಇವರು ಏನೂ ಕೇಳಲಿಲ್ಲ, ತಮ್ಮ ಕಾಲನ್ನು ತೋರಿಸುವವರ ಹಾಗೆ ಪಂಚೆ ಸ್ವಲ್ಪ ಎತ್ತಿ ಹಿಡಿದು ನಿಂತಿದ್ದರು. ಬರುವಾಗ ಬಸ್ಸು. ಹರಕೆಯೇನಿದ್ದರೂ ಹೋಗುವುದಕ್ಕೆ ಮಾತ್ರ ಅಂತ ನಾನು ತೀರ್ಪು ಕೊಟ್ಟೆ.

ಮನೆಗೆ ಬಂದ ತಕ್ಷಣ ಇವರು ಅತ್ತೆಯ ಹಣೆಗೆ ವಿಭೂತಿ ಹಚ್ಚಿ, ತೊಂಬತ್ತು ಮೈಲಿ ನಡೆದದ್ದನ್ನೆಲ್ಲ ಹೇಳಿದರು. ಅತ್ತೆ ಮಗನ ಕಾಲು ಹಿಸುಕಿ ನೋಡಿದರು. ಆಮೇಲೆ ತಲೆಯಾಡಿಸಿದರು.

"ತೀರ್ಲಿಲ್ಲ ಕಣ್ ಮಗ."

ಇವರು ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. ಇಷ್ಟು ವರ್ಷದಲ್ಲಿ ಅವರು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಯಾವ ಬೆಟ್ಟ ಅನ್ನುವುದು ಹಾಳಾಗಿ ಹೋಗಲಿ, ನೀವು ದೇವರ ಮುಂದೆ ಬಾಯಿಬಿಟ್ಟು ಅಂದದ್ದೇನು, ಆ ಮಾತನ್ನು ಹಾಗೇ ಹೇಳಿ ಅಂತ ಅತ್ತೆಯನ್ನು ಜೋರಾಗಿಯೇ ಕೇಳಿದೆ. ಎಲ್ಲರೂ ಯಾವ ಬೆಟ್ಟ, ಯಾವ ಬೆಟ್ಟ ಅಂತ ಕೇಳಿದ್ದೆವೇ ಹೊರತು ಇದನ್ನು ಯಾರೂ ಕೇಳಿರಲಿಲ್ಲ.

"ಚಾಮುಂಡವ್ವ, ನನ್ ಮಗ ಮೆಟ್ಲು ಏರೋದ ಕಣ್ತುಂಬ ನೋಡಂಗ್ ಮಾಡು ಅಂದಿದ್ದೆ ಕಣವ್ವ. ಆಗ ಅವರಪ್ಪನೇ ಕರ್ಕಂಡೋದ್ರು, ನಾನು ಅಸೀ ಬಾಣಂತಿ, ಮಗಳು ಆಗತಾನೆ ಉಟ್ಟಿದ್ಲು. ಈಗ ಇವ್ನೊಬ್ನೇ ಓಯ್ತಾನೆ, ಬತ್ತಾನೆ. ನಾನೆಲ್ಲಿ ನೋಡ್ದೆ?"

ಮಾರನೆಯ ಬೆಳಗ್ಗೆ ಜಟಕಾ ಮಾಡಿಕೊಂಡು ಚಾಮುಂಡಿ ಬೆಟ್ಟದ ಪಾದಕ್ಕೆ ಹೋದೆವು. ಅತ್ತೆಯನ್ನು ಎತ್ತಿ ಇಳಿಸಿ ಮೊದಲ ಮೆಟ್ಟಿಲ ಪಕ್ಕ ಕೂರಿಸಿದೆವು. ನಾನು ಕಾಯಿ, ಕರ್ಪೂರ ತೆಗೆಯುತ್ತಿದ್ದೆ. ಅವರು ಅದರ ಕಡೆ ನೋಡಲೇ ಇಲ್ಲ. ಮಗನ ಬೆನ್ನು ಸವರಿ, ನಡಿ ಮಗ, ಅಂದರು.

ಇವರು ಹತ್ತತೊಡಗಿದರು. ದಾರಿಯುದ್ದಕ್ಕೂ ನನ್ನನ್ನು ಓಡಿಸಿದ ಮನುಷ್ಯ ಈಗ ಒಂದೊಂದೇ ಮೆಟ್ಟಿಲು, ತಾಯಿಗೆ ಕಾಣುವ ಹಾಗೆ, ಬಲಗಾಲನ್ನೇ ಮೊದಲು ಊರಿ ಹತ್ತುತ್ತಿದ್ದರು. ಅತ್ತೆ ರೆಪ್ಪೆ ಬಡಿಯದೆ ಆ ಕಾಲನ್ನೇ ನೋಡುತ್ತಿದ್ದರು. ಮೆತ್ತಗೆ ಕಣ್ ಮಗ, ಮೆತ್ತಗೆ, ಅಂತ ತುಟಿಯಲ್ಲೇ ಅನ್ನುತ್ತಿದ್ದರು. ತಿರುವಿನ ಹತ್ತಿರ ಹೋದ ಮೇಲೆ ಇವರು ನಿಂತು ಹಿಂದಕ್ಕೆ ತಿರುಗಿದರು.

"ಕಾಣ್ತದಾ ಅವ್ವ?"

"ಕಾಣ್ತದೆ ಕಣಪ್ಪ" ಅಂದರು ಅತ್ತೆ.

ಅಷ್ಟು ಮೆಲ್ಲಗೆ ಅಂದರೆ ಅಲ್ಲಿಗೆ ಕೇಳುವುದುಂಟೇ? ಕಾಣ್ತದಂತೆ ಕಣ್ರೀ, ಹತ್ತಿ ಅಂತ ನಾನೇ ಕೂಗಿ ಹೇಳೋಣವೆಂದು ಎದ್ದು ನಿಂತೆ. ಆಮೇಲೆ ಕೂಗುವುದನ್ನು ಬಿಟ್ಟು, ಅತ್ತೆಯ ಕೈ ಹಿಡಿದು ಮೇಲಕ್ಕೆತ್ತಿ ಬೀಸಿದೆ. ಇವರು ಅದನ್ನು ನೋಡಿದರು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.