ಮೆಕ್ಯಾನಿಕ್ಕನ ಸೀಟು

ಗಂಡಸರಿಗೆ ವಯಸ್ಸಾದ ಮೇಲೆ ಒಂದು ಹುಚ್ಚು ಹಿಡಿಯಲೇಬೇಕು, ಇಲ್ಲವಾದರೆ ಅವರು ಅಡುಗೆಮನೆಗೆ ಬಂದು ಸಲಹೆ ಕೊಡತೊಡಗುತ್ತಾರೆ. ಆದ್ದರಿಂದ ನಮ್ಮವರು ತಮ್ಮ ಅಜ್ಜನ ಕಾಲದ ಅಮೆರಿಕನ್ ಕಾರನ್ನು ರಿಸ್ಟೋರ್ ಮಾಡಿಸುತ್ತೇನೆಂದಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಜಮಖಂಡಿಯ ನಮ್ಮ ಹಿತ್ತಲ ಶೆಡ್ಡಿನಲ್ಲಿ ಆ ಕಾರು ಮೇವಿನ ಕೆಳಗೆ ಮಲಗಿತ್ತು. ಇಂಜಿನ್ನೂ ಚಾಸಿಯೂ ಉಳಿದಿದ್ದವು. ಬಾಡಿಯನ್ನು ತುಕ್ಕು ತಿಂದು ಮುಗಿಸಿತ್ತು. ಇಂಥವು ಜಗತ್ತಿನಲ್ಲೇ ಬೆರಳೆಣಿಕೆಯಷ್ಟಂತೆ. ಅದರ ಕಂಪನಿ ಮುಚ್ಚಿಯೇ ಹೋಗಿದೆ ಎಂದು ಇವರು ಹೆಮ್ಮೆಯಿಂದ ಹೇಳುತ್ತಾರೆ, ಅದೂ ಒಂದು ಸರ್ಟಿಫಿಕೇಟು ಎಂಬಂತೆ.

ಬಾಡಿ ಹೇಗೂ ಹೊಸದು ಮಾಡಿಸಬೇಕಲ್ಲ, ಆ ಕಾಲದ ರೇಸ್ ಕಾರಿನದ್ದೇ ಇರಲಿ ಎಂದರು. ಎಲ್ಲಿಂದಲೋ ಒಂದು ಫೋಟೋ ತರಿಸಿದರು. ಬಾಗಿಲಿಲ್ಲ, ಚಾವಣಿಯಿಲ್ಲ, ಮುಂದೆ ಗಾಜಿಲ್ಲ. ಎರಡೇ ಸೀಟು, ಹಿಂದೆ ದೋಣಿಯ ಮೂತಿಯಂಥ ಬಾಲ. ಮಹಾಲಿಂಗಪುರದಲ್ಲಿ ಕಬ್ಬಿನ ಟ್ರೇಲರ್ ಕಟ್ಟುವ ಈರಪ್ಪ ತಗಡು ಬಡಿದು ಹಾಗೆಯೇ ಮಾಡಿಕೊಟ್ಟ. ಆದರೆ ಆ ಎಲಿಗೆಂಟ್ ಬಾಲದ ತುದಿಗೆ, ಕೈಯ ಅಭ್ಯಾಸದಿಂದ, ಟ್ರೇಲರಿಗೆ ಹಾಕುವ ದಪ್ಪ ಕಬ್ಬಿಣದ ಹುಕ್ಕನ್ನೂ ಬೆಸೆದಿದ್ದ. ಇವರ ಮುಖ ಬಿಳುಚಿತು. ಈರಪ್ಪನಿಗೆ ತಪ್ಪೇನೆಂದೇ ತಿಳಿಯಲಿಲ್ಲ. "ಹುಕ್ಕ ಇಲ್ಲದ ಗಾಡಿ ನಮ್ಮಲ್ಲಿಂದ ಹೊರಗ ಬಿದ್ದಿಲ್ರಿ ಸಾಹೇಬ್ರ" ಎಂದ. ಕತ್ತರಿಸಿದರೆ ತಗಡು ಹರಿಯುತ್ತದೆಂದು ಹುಕ್ಕು ಉಳಿಯಿತು.

ನನ್ನ ಚಿಂತೆ ಹುಕ್ಕಿನದ್ದಲ್ಲ, ಎರಡನೆಯ ಸೀಟಿನದ್ದು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ಹಾಸ್ಟೆಲ್ಲಿನ ಕಿಟಕಿಯಿಂದ ಒಮ್ಮೆ, ತೆರೆದ ಕಾರಿನಲ್ಲಿ ಸ್ಕಾರ್ಫ್ ಹಾರಿಸುತ್ತ ಹೋದ ಲೇಡಿಯೊಬ್ಬಳನ್ನು ನೋಡಿದ್ದೆ. ಆಮೇಲೆ ನನ್ನ ಬಾಳೆಲ್ಲ ಮುಚ್ಚಿದ ಕಾರುಗಳ ಹಿಂದಿನ ಸೀಟಿನಲ್ಲಿ, ಉಪ್ಪಿನಕಾಯಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕಳೆಯಿತು. ಮೊದಲ ಓಟ ಮುಧೋಳಕ್ಕೆ ಎಂದಾಗ ನಾನೂ ಬರುತ್ತೇನೆಂದೆ. ಅದು ಮೆಕ್ಯಾನಿಕ್ಕನ ಸೀಟು, ಪೆಟ್ರೋಲು ಇಂಜಿನ್ನಿಗೆ ಏರಲು ದಾರಿಯುದ್ದಕ್ಕೂ ಕೈಪಂಪು ಒತ್ತಿ ಟ್ಯಾಂಕಿಗೆ ಗಾಳಿ ತುಂಬುತ್ತಿರಬೇಕು, ನಿನ್ನಿಂದಾಗದು ಎಂದರು.

"ಇಷ್ಟ ವರ್ಷ ನಿಮ್ಮ ಸಂಸಾರಕ್ಕ ಗಾಳಿ ಹೊಡದಾಕಿ ನಾನರಿ. ಇದಕ್ಕ ಹೊಡಿಯಾಕ ಬರೂದಿಲ್ಲೇನು?"

ಸೀಟು ಸಿಕ್ಕಿತು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಸ್ಕಾರ್ಫ್ ಕಟ್ಟಿ ಹೊರಟೆ. ಸ್ಕಾರ್ಫ್ ಹಾರಿತಂತೆ, ನೋಡಲು ನನಗೆ ಪುರುಸೊತ್ತಿರಲಿಲ್ಲ. ಹೊಲವೋ ಜನವೋ ಒಂದೂ ಕಾಣಲಿಲ್ಲ, ಕಂಡದ್ದು ಪಂಪಿನ ಹಿಡಿಕೆ ಮಾತ್ರ. ಅರ್ಧ ದಾರಿಯಲ್ಲಿ ಇಂಜಿನ್ನು ಕೆಮ್ಮಿ ನಿಂತಿತು. ಇವರು ಪಂಪನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಜಮಖಂಡಿ ಕಡೆ ಹೊರಟಿದ್ದ ಟ್ರ್ಯಾಕ್ಟರಿನವನೊಬ್ಬ ಕರುಣೆಯಿಂದ ನಿಲ್ಲಿಸಿದ. ಕಾರಿನ ಮುಂದೆ ಸರಪಳಿ ಬಿಗಿಯಲು ಜಾಗ ಹುಡುಕಿದ. ಹೊಳೆಯುವ ರೇಡಿಯೇಟರಿನ ಹತ್ತಿರ ಇವರು ಅವನನ್ನು ಬಿಡಲಿಲ್ಲ. ಅವನು ಸುತ್ತಿ ಹಿಂದೆ ಹೋದ. "ಇಲ್ಲೇ ಹುಕ್ಕ ಐತಲ್ರಿ ಯಜಮಾನ್ರ. ಜಗ್ಗಿಕೊಂಡ ಹೋದ್ರ ಆತು."

ಹೀಗೆ ಜಗತ್ತಿನ ಅಪರೂಪದ ರೇಸ್ ಕಾರು ಬಾಲ ಮುಂದಾಗಿ ಊರಿಗೆ ಮರಳಿತು. ಇವರು ಸ್ಟೀರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ನನಗೆ ಪಂಪಿನ ಕೆಲಸವೂ ಇಲ್ಲ, ಮುಖಕ್ಕೆ ಧೂಳೂ ಇಲ್ಲ. ಕಾನ್ವೆಂಟಿನ ಸಿಸ್ಟರು ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ನಮ್ಮ ಹಿಂದೆ ಬರುತ್ತಿದ್ದ ಮೋಟಾರು ಸೈಕಲ್ಲು, ಟಂಟಂ, ಬಸ್ಸಿನವರಿಗೆಲ್ಲ ಕೈ ಬೀಸಿದೆ. ರೇಸಿನಲ್ಲಿ ಹಿಂದೆ ಬಿದ್ದವರ ಮುಖವನ್ನು ಎದುರಿಗೇ ನೋಡುವ ಭಾಗ್ಯ ಯಾವ ಚಾಂಪಿಯನ್ನಿಗೂ ಸಿಕ್ಕಿರಲಾರದು. ಅವರೆಲ್ಲ ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರೆಂಬುದು ಬೇರೆ ಮಾತು.

ಈಗ ಎಲ್ಲ ಸರಿಯಾಗಿದೆ, ಇನ್ನೊಮ್ಮೆ ಮುಧೋಳಕ್ಕೆ ಹೊರಡೋಣ ಎನ್ನುತ್ತಿದ್ದಾರೆ. ಬರುತ್ತೇನೆಂದಿದ್ದೇನೆ. ಪಂಪನ್ನು ಎಲ್ಲಿಯವರೆಗೆ ಒತ್ತಬೇಕು, ಎಲ್ಲಿ ಕೈ ಬಿಡಬೇಕು ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು.