ಮೂರು ಕೋಣೆಗಳಲ್ಲಿ ಮೂವರು ಹೆಂಡಿರು

ಗೇಟಿನ ಕಾವಲುಗಾರ ಫೋನ್ ಮಾಡಿ, "ಸರ್ ರೂಪರ್ಟ್ ಅವರ ಮೊದಲ್ನೇ ಹೆಂಡ್ತಿ ಬಂದಿದ್ದಾರೆ ಕಣಯ್ಯ" ಎಂದಾಗ ವಿಲ್ಫ್ರೆಡ್ ಪಿಮ್ ಚಹಾದ ಕಪ್ಪನ್ನು ಕೆಳಗಿಟ್ಟ. ಅದನ್ನು ಮತ್ತೆ ಎತ್ತುವ ಯೋಗ ಆ ದಿನ ಅವನಿಗಿರಲಿಲ್ಲ.

ಲಂಡನ್ನಿನ ಹೊರಗಿನ ಆ ಸ್ಟುಡಿಯೋದಲ್ಲಿ ಪಿಮ್ ಮೂರನೆಯ ಸಹಾಯಕ ನಿರ್ದೇಶಕ. ಅಂದರೆ ಮೊದಲಿನ ಇಬ್ಬರು ಒಲ್ಲೆವೆಂದ ಕೆಲಸವೆಲ್ಲ ಅವನದು. ಸರ್ ರೂಪರ್ಟ್ ಹ್ಯಾಲೊವೆಲ್ ಎಂದರೆ ಅವನಿಗೆ ದೇವರು. ಒಂದು ಮೋಡ ಸರಿಯಾದ ಜಾಗಕ್ಕೆ ಬರಲೆಂದು ಇಡೀ ತಂಡವನ್ನು ಬೆಟ್ಟದ ಮೇಲೆ ಕೂರಿಸಿಕೊಂಡು ದಿನಗಟ್ಟಲೆ ಕಾದವರು ಅವರು. ಆ ಮೋಡ ತೆರೆಯ ಮೇಲೆ ತೇಲಿ ಬಂದಾಗ ಪಿಮ್ ಕಣ್ಣೊರೆಸಿಕೊಂಡಿದ್ದ. ಅವರು ಹೀಗೆ ಮೋಡ ಕಾಯುತ್ತಿದ್ದಾಗ ಮನೆಯಲ್ಲಿ ಹೆಂಡತಿಯರು ಬದಲಾಗುತ್ತಿದ್ದರು, ಅಷ್ಟೆ.

ಇಂದು ಹೊಸ ಚಿತ್ರದ ಕೆಲಸ ಮುಗಿಯುವ ದಿನ. ನಾಳೆ ಭಾನುವಾರ ಪಿಮ್ ತಾನು ಮದುವೆಯಾಗಲಿರುವ ಡೋರಿಸ್ ಜೊತೆ ಬ್ರೈಟನ್ನಿಗೆ ಹೋಗಿ ಅವಳ ಅಪ್ಪನನ್ನು ಕಾಣಬೇಕು. ಶೂಟಿಂಗ್ ದೆಸೆಯಿಂದ ಎರಡು ಸಲ ತಪ್ಪಿಸಿದ್ದ. "ಇನ್ನೊಂದ್ಸಲ ತಪ್ಪಿಸಿದ್ರೆ ನಿನ್ನ ಉಂಗುರ ನಿನಗೇ" ಎಂದು ಅವಳು ಹೇಳಿಬಿಟ್ಟಿದ್ದಳು. ಸರ್ ರೂಪರ್ಟ್ ಮನಸ್ಸು ಕೆಟ್ಟಿತೋ, ನಾಳೆಯೂ ಶೂಟಿಂಗೇ.

"ಎರಡ್ನೆಯವರೂ ಬಂದ್ರು!" ಕ್ಯಾಂಟೀನಿನ ಮಿಸೆಸ್ ಟ್ಯಾಪ್ ಕಿಟಕಿಯಿಂದ ಇಣುಕಿ ಕೂಗಿದಳು. "ಅಯ್ಯೋ, ಈಗಿನವರ ಕಾರೂ ಬಂತು ನೋಡು. ಮೂರೂ ಜನ ಎದುರುಬದುರಾದ್ರೆ ಮತ್ತೆ ಯುದ್ಧ ಶುರುವಾದ ಹಾಗೇ. ಒಬ್ಬೊಬ್ಬರನ್ನ ಒಂದೊಂದು ಕಡೆ ಕೂರಿಸಪ್ಪ!"

ಪಿಮ್ ಎದ್ದೆನೋ ಬಿದ್ದೆನೋ ಎಂದು ಓಡಿದ. ಮೊದಲನೆಯ ಬಿಯಾಟ್ರಿಸ್ ಉಡುಪಿನ ಕೋಣೆಗೆ, ಎರಡನೆಯ ಮ್ಯೂರಿಯಲ್ ಮೇಕಪ್ ಕೋಣೆಗೆ, ಈಗಿನ ಲೆಟಿಷಿಯಾ ಸೆಟ್ಟಿನ ಚರ್ಚಿಗೆ. ಯಾಕೆ ಬಂದಿರಿ ಎಂದು ಅವನು ಕೇಳಲಿಲ್ಲ, ಇಲ್ಲೇಕೆ ಕೂರಿಸಿದೆ ಎಂದು ಅವರೂ ಕೇಳಲಿಲ್ಲ. ಇಂಗ್ಲಿಷರಾದ ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಹವೆಯ ಮಾತು ಮುಗಿಯಬೇಕು.

"ಇವತ್ತು ಮೋಡ ಜಾಸ್ತಿ, ಅಲ್ವಾ ಮೇಡಂ?"

"ಹೌದಪ್ಪ, ಮಳೆ ಬಂದರೂ ಬರಬಹುದು."

ಚಹಾ, ಬಿಸ್ಕತ್ತು, ಮತ್ತೆ ಚಹಾ. ಬಿಯಾಟ್ರಿಸ್ ಮತ್ತು ಮ್ಯೂರಿಯಲ್ ಒಂದೇ ಹೊತ್ತಿಗೆ ಓಣಿಗೆ ಬಂದಾಗ ಪಿಮ್ ನಡುವೆ ಸ್ಕಾಟ್ಲೆಂಡಿನ ಬೆಟ್ಟ ಬರೆದಿದ್ದ ಸೆಟ್ಟಿನ ಪರದೆಯನ್ನೇ ಎಳೆದ. ಲೆಟಿಷಿಯಾ ಒರಗಿದ್ದಕ್ಕೆ ಚರ್ಚಿನ ಕಂಬ ಮುರಿದು ಅವನ ಭುಜದ ಮೇಲೆ ಬಿತ್ತು. ಅದನ್ನು ಹಾಗೇ ಹಿಡಿದು ನಿಂತು ಹವೆಯ ಮಾತಾಡಿದ.

ಸಂಜೆ ಸರ್ ರೂಪರ್ಟ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಪಿಮ್, ಈ ಚಿತ್ರ ಸುಟ್ಟುಬಿಡು."

"ಸರ್?"

"ನನ್ನ ಪ್ರತಿ ಚಿತ್ರಾನೂ ಮೊದಲು ನೋಡೋರು ನನ್ನ ಮೂರು ಜನ ಹೆಂಡ್ತೀರು. ಬೇರೆಯವರೆಲ್ಲ ಹೊಗಳ್ತಾರೆ, ಅವರು ನಿಜ ಹೇಳ್ತಾರೆ. ನಾನೇ ಕರೆದಿದ್ದೆ. ಒಬ್ಬರೂ ಬರಲಿಲ್ಲ ನೋಡು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಪಿಮ್‌ಗೆ. ಓಡಿಹೋಗಿ ಮೂವರನ್ನೂ ಕರೆತಂದ. ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಮೊಮ್ಮಕ್ಕಳ ಕ್ಷೇಮ ಕೇಳಿದರು.

ಚಿತ್ರ ಶುರುವಾಯಿತು. ಘಟಾನುಘಟಿ ನಟರನ್ನು ನಡುಗಿಸಿದ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಗೋಡೆಗೊರಗಿ ನಿಂತಿದ್ದರು. ಎಷ್ಟು ಚೆನ್ನಾಗಿತ್ತು ಆ ಚಿತ್ರ!

ದೀಪ ಹತ್ತಿತು. ಬಿಯಾಟ್ರಿಸ್ ಹೇಳಿದಳು: "ಗಂಡನಾಗಿ ನೀನು ಯಾವ ಕೆಲಸಕ್ಕೂ ಬರಲಿಲ್ಲ ರೂಪರ್ಟ್. ಆದ್ರೆ ಕ್ಯಾಮೆರಾ ಹಿಂದೆ ನಿಂತು ಯಾವತ್ತೂ ಸುಳ್ಳು ಹೇಳಿದವನಲ್ಲ. ಇವತ್ತು ಹೇಳಿದೀಯ."

"ಎಲ್ಲಿ?"

"ರೈಲು ನಿಲ್ದಾಣದಲ್ಲಿ. ಗಂಡ ಕೆಲಸ ಅಂತ ಹೊರಟಾಗ ಆ ಹುಡುಗಿ ನಗ್ತಾಳಲ್ಲ, ನಮ್ಮಲ್ಲಿ ಯಾರು ನಕ್ಕಿದ್ವಿ?"

ಇನ್ನಿಬ್ಬರೂ ತಲೆಯಾಡಿಸಿದರು. ಸರ್ ರೂಪರ್ಟ್ ತಲೆ ತಗ್ಗಿಸಿದರು. "ನಿಜ. ನಾಳೆ ಬೆಳಿಗ್ಗೆ ಮತ್ತೆ ತೆಗೀತೀನಿ. ಪಿಮ್, ಎಲ್ಲರಿಗೂ ಹೇಳು!"

ಗೇಟಿನಲ್ಲಿ ಡೋರಿಸ್ ನಾಳೆಗೆಂದು ಕೊಂಡ ಹೊಸ ಟೋಪಿ ಹಾಕಿಕೊಂಡು ಅವನಿಗೆ ತೋರಿಸಲು ಕಾಯುತ್ತಿದ್ದಳು. ಪಿಮ್ ತೊದಲುತ್ತ ಸಂಗತಿ ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಅವನನ್ನೇ ಒಂದು ಗಳಿಗೆ ನೋಡಿ, ಉಂಗುರ ಬಿಚ್ಚಿ ಅವನ ಕಾಲ ಬಳಿ ಎಸೆದಳು.

"ಅದ್ಭುತ!" ಹಿಂದಿನಿಂದ ಸರ್ ರೂಪರ್ಟ್ ದನಿ. "ಇದೇ ಮುಖ ನನಗೆ ಬೇಕಾಗಿದ್ದು! ಮಗೂ, ನಾಳೆ ಬಂದು ಕ್ಯಾಮೆರಾ ಮುಂದೆ ಹೀಗೇ ಮಾಡ್ತೀಯಾ?"

ಅವರ ಹಿಂದೆ ನಿಂತಿದ್ದ ಮೂವರೂ ಸೈ ಎಂದರು. ಸರ್ ರೂಪರ್ಟರ ಒಂದು ಚಿತ್ರವನ್ನೂ ಡೋರಿಸ್ ನೋಡದೆ ಬಿಟ್ಟವಳಲ್ಲ. "ಖಂಡಿತ ಬರ್ತೀನಿ ಸರ್" ಎಂದಳು.

ಪಿಮ್ ಉಂಗುರ ಹೆಕ್ಕಿ ಆಸೆಯಿಂದ ಚಾಚಿದ. "ಹಾಗಾದ್ರೆ ಇದು?"

"ಕೊಡು ಇಲ್ಲಿ" ಎಂದು ಅವಳು ಹಾಕಿಕೊಂಡಳು. ಪಿಮ್ ಮುಖ ಅರಳಿತು.

"ನಾಳೆ ಎಸೆಯೋಕೆ ಬೇಕಲ್ಲ" ಎಂದಳು ಡೋರಿಸ್.